ಇಪ್ಪತ್ನಾಲ್ಕನೆಯ ನಟ್ಟು

ರಾತ್ರಿ ಹತ್ತಕ್ಕೆ ಬಿಳಿ ಪಂಚೆಯ ಚೂರೊಂದನ್ನು
ಅಡ್ಡಕೋಲಿನ ತಳಕ್ಕೆ ಉಜ್ಜಿದೆ.
ಟಾರ್ಚಿನ ಬೆಳಕಿಗೆ ಹಿಡಿದರೆ ಕೆಂಪು ಗೀರು.
ಹೇನು. ಕೋಳಿಯ ರಕ್ತ ಕುಡಿದು, ಬೆಳಗಾಗುವುದರೊಳಗೆ
ಹಲಗೆ ಸಂದಿಗೆ ಹೋಗಿ ಮಲಗುವ ಜಾತಿ.

ಆ ಗೂಡು ನಮ್ಮ ಫ್ಯಾಕ್ಟರಿಯ ಪ್ಯಾಕಿಂಗ್ ಹಲಗೆಯದು.
ಸುಣ್ಣ ಬಳಿದೆ, ಬೇವಿನೆಣ್ಣೆ ಹೊಯ್ದೆ,
ಸೀಮೆಣ್ಣೆ ಹುಡುಕಿ ಲಗ್ಗೆರೆಯೆಲ್ಲ ಅಲೆದೆ.
ಚುಕ್ಕಿಯ ಜುಟ್ಟು ಮಾತ್ರ
ದಿನಕ್ಕಿಷ್ಟು ಬೆಳ್ಳಗಾಗುತ್ತ ಬಂತು.

ಒಂದು ಮಂಕರಿ, ಮೇಲೊಂದು ಗುಂಡುಕಲ್ಲು,
ನಮ್ಮ ಕಾಲಕ್ಕೆ ಅಷ್ಟೇ, ಅಂದರು ಅತ್ತೆ.
ನಿಮ್ಮ ಕಾಲದ ಹೆಗ್ಗಣ ಕಲ್ಲು ಕಂಡು ವಾಪಸು ಹೋಗ್ತಿತ್ತೇನೋ,
ಈ ರಾಜಕಾಲುವೆಯದು ಸಿಮೆಂಟು ಕಡಿಯುತ್ತೆ, ಅಂದೆ.

ಮೂರು ಭಾನುವಾರ ಬರೀ ನೋಡಿದ್ದಾಯಿತು.
ಶಿವಾಜಿನಗರದ ಕಬ್ಬಿಣದ ಪಂಜರ: ವೆಲ್ಡಿಂಗು ಚೊಕ್ಕ,
ಎರಡು ಮಳೆಗೆ ತುಕ್ಕು, ಅದೂ ಗೊತ್ತು.
ಕಾಮಾಕ್ಷಿಪಾಳ್ಯದ ಬಡಗಿ ತೇಗದಲ್ಲೇ ಮಾಡಿಕೊಡ್ತೀನಿ ಅಂದ.
ಹೇನಿಗೆ ತೇಗದ ಮಂಚ!
ಹೆಸರಘಟ್ಟ ರಸ್ತೆಯ ಅಂಗಡಿಯಲ್ಲಿ ಇದು ಸಿಕ್ಕಿತು,
ಹಸಿರು ಮುಚ್ಚಳದ ಪ್ಲಾಸ್ಟಿಕ್ಕಿನ ಗೂಡು,
ಅಡಿಯಲ್ಲಿ ಎಳೆದು ತೊಳೆಯುವ ತಟ್ಟೆ,
ಎಂಟು ಸಾವಿರಕ್ಕೆ ಇನ್ನೂರು ಕಮ್ಮಿ.
ಉಗುರಲ್ಲಿ ತಟ್ಟಿದೆ. ಬಕೆಟ್ಟಿನ ಸದ್ದು.
ಏಪ್ರಿಲ್ ಬಿಸಿಲಿಗೆ ಒಳಗೆ ಬೇಯಲ್ವಾ?
ಹುಡುಗ ಗಾಳಿಕಿಂಡಿಗೆ ಬೆರಳು ತೂರಿಸಿ ಆಡಿಸಿದ.
ಬ್ಯಾಗಿನಿಂದ ವರ್ನಿಯರ್ ತೆಗೆದು ಗೋಡೆಯ ದಪ್ಪ ಅಳೆದೆ.
ಹುಡುಗ ಓನರನ್ನು ಕರೆದ.

ಹಿತ್ತಲು ಅಂದರೆ ಆರಡಿ ಅಗಲದ ಸಂದು,
ಸಂಪಿನ ಮುಚ್ಚಳ, ಒಂದು ಕರಿಬೇವು.
ಭಾಗಗಳನ್ನೆಲ್ಲ ಅಲ್ಲೇ ಹರಡಿ ಕೂತೆವು.
ಸೂಚನೆಯ ಹಾಳೆಯಲ್ಲಿ ಮಾತಿಲ್ಲ, ಚಿತ್ರ:
ಬೋಳುತಲೆಯವನೊಬ್ಬ, ಒಬ್ಬನೇ, ನಗುತ್ತ ಜೋಡಿಸುತ್ತಾನೆ.
ಅವನಿಗೆ ಅತ್ತೆಯಿಲ್ಲ,
ಮಹಡಿಯಿಂದ ಬಗ್ಗಿ ಸಲಹೆ ಕೊಡುವ ಪೆಂಚಲಯ್ಯನವರಿಲ್ಲ,
ಸ್ಪ್ಯಾನರಿನ ಮೇಲೆ ಹತ್ತಿ ನಿಲ್ಲಲು
ಚುಕ್ಕಿ ಇಲ್ಲ, ಬೂದಿ ಇಲ್ಲ,
ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ತಪಾಸಣೆ ಮಾಡುವ
ನಮ್ಮ ಸೂಪರ್‌ವೈಸರ್ ಇಲ್ಲ.

ಪ್ಲಾಸ್ಟಿಕ್ಕಿನ ಬಿಗಿಯೇ ಬೇರೆ.
ಉಕ್ಕಿಗೆ ತಿರುವಿದಂತೆ ತಿರುವಿದೆ,
ಮೊದಲ ಮೂಲೆಯಲ್ಲೇ ಟಕ್, ಕೂದಲೆಳೆ ಬಿರುಕು.
ನಮ್ಮನೆಯವರು ಏನೂ ಅನ್ನದೆ ಎದ್ದುಹೋಗಿ
ಅಂಟಿನ ಟ್ಯೂಬು ತಂದುಕೊಟ್ಟರು.
ಆಮೇಲಿಂದ ಬೆರಳ ತುದಿಯಲ್ಲೇ ಕೇಳಿ ಕೇಳಿ ನಿಲ್ಲಿಸಿದೆ.

ಬಾಗಿಲಿಗೆ ಬಂದಾಗ ಒಂದು ನಟ್ಟು ಕಮ್ಮಿ.
ಬೆಳಿಗ್ಗೆ ಸ್ಟೀಲು ತಟ್ಟೆಯಲ್ಲಿ ಇಪ್ಪತ್ನಾಲ್ಕಿತ್ತು.
ಇಪ್ಪತ್ತೆರಡು ವರ್ಷ ಪೀಣ್ಯದಲ್ಲಿ
ನಟ್ಟು ಬೋಲ್ಟು ಎಣಿಸಿ ಡಬ್ಬಿಗೆ ತುಂಬಿದವಳು ನಾನು,
ನನ್ನ ಸಹಿ ಬಿದ್ದ ಡಬ್ಬಿ ಒಂದೂ ವಾಪಸು ಬಂದಿಲ್ಲ.
ಸೆರಗು ಕೊಡವಿ ಅಂತ ಅತ್ತೆಗೆ ಹೇಳಿದೆ,
ಅವರು ಮುಖ ತಿರುಗಿಸಿದರು.
ಗೂಡು ಎತ್ತಿ ನೋಡಿ ಅಂದರು ಪೆಂಚಲಯ್ಯ, ಎತ್ತಿದೆವು.

ಆಗ ತಟ್ಟೆಯಲ್ಲಿ ಟಿಣ್ ಅಂತು.
ಸೂಪರ್‌ವೈಸರ್. ಕೊಕ್ಕಿನಲ್ಲಿ ಮಿರುಗುವ ವಾಷರು.
ಕತ್ತು ಉದ್ದವಾಯಿತು, ಗಿಡ್ಡವಾಯಿತು,
ನಾವು ಬಾಯಿ ತೆಗೆಯುವಷ್ಟರಲ್ಲಿ ಅವಳ ಬಾಯಿ ಮುಚ್ಚಿತ್ತು.

ಏನಾಗಲ್ಲ ಬಿಡೇ, ಅವಕ್ಕೆ ಹೊಟ್ಟೇಲೇ ಬೀಸೋಕಲ್ಲು ಇರುತ್ತೆ,
ಅತ್ತೆ ಈಗ ನಗುತ್ತಿದ್ದರು.
ಒಂದ್ಸಲ ಕುಯ್ದಾಗ ನನ್ನ ಮೂಗುಬೊಟ್ಟೇ ಸಿಕ್ಕಿತ್ತು.
ನಿಮ್ಮ ಮಾವ ಆ ವರ್ಷವೆಲ್ಲ ನನ್ನ ತಂಗೀನ ಅನುಮಾನಿಸಿದ್ರು.

ಸತುವಿನ ಲೇಪವಾದರೆ ವಿಷ, ನನಗದು ಗೊತ್ತು, ಅವರಿಗಿಲ್ಲ.
ಉಳಿದ ವಾಷರಿಗೆ, ಬಿಗಿದ ನಟ್ಟಿಗೆ ಅಯಸ್ಕಾಂತ ಮುಟ್ಟಿಸಿದೆ.
ಹಿಡಿಯಲಿಲ್ಲ. ಸ್ಟೇನ್‌ಲೆಸ್ಸು.
ಅರ್ಧ ಉಸಿರು ಬಿಟ್ಟೆ.

ಬಾಗಿಲನ್ನು ಅತ್ತೆ ಹೂ ಕಟ್ಟುವ ದಾರದಲ್ಲಿ
ಏಳು ಸುತ್ತು ಸುತ್ತಿ ಬಿಗಿದರು.
ಹಳೆಯ ಹಲಗೆ ಸುಡುವ ಹೊಗೆಗೆ ಪೆಂಚಲಯ್ಯ ಕಿಟಕಿ ಮುಚ್ಚಿಕೊಂಡರು.
ಕತ್ತಲಾದ ಮೇಲೆ ಅವಳನ್ನು ತೊಡೆಯ ಮೇಲಿಟ್ಟುಕೊಂಡು,
ಓಡುವ ಬೇರಿಂಗಿಗೆ ಇಡುವ ಹಾಗೆ, ಎದೆಗೆ ಕಿವಿಯಿಟ್ಟೆ.
ಗರಿ ಬಿಸಿ ಇತ್ತು. ಬೇರೆ ಏನೂ ಕೇಳಲಿಲ್ಲ.

ಹಾಳೆಯ ಹಿಂದೆ, ಅಭ್ಯಾಸಬಲ, ಬರೆದೆ:
ಬಂದದ್ದು ಇಪ್ಪತ್ನಾಲ್ಕು. ಬಿಗಿದದ್ದು ಇಪ್ಪತ್ಮೂರು.
ಕಮ್ಮಿ ಒಂದು. ಇರುವ ಜಾಗ ಗೊತ್ತು.
ತಾರೀಖು ಹಾಕಿ ಸಹಿ ಮಾಡಿದೆ.