ನೀಲಿ ಗೆರೆ ಎಲ್ಲಿ ನಿಲ್ಲಿಸಲಿ

ನಿಜ್ವಾದ ಆಫೀಸಿನಲ್ಲಿ ನನ್ನದು ಗೆರೆ ಎಳೆಯುವ ಕೆಲಸ.
ಟ್ರೇಸಿಂಗ್ ಹಾಳೆಯಡಿ ಹಜರ್ ಬೆಟ್ಟಸಾಲು ಮಲಗಿದೆ.
ವರ್ಷವಿಡೀ ಹರಿಯುವ ನೀರಿಗೆ ತುಂಬುಗೆರೆ,
ಹರಿಯದ್ದಕ್ಕೆ ತುಂಡುಗೆರೆ.
ಬಂದು ಒಂಬತ್ತು ವರ್ಷ,
ತುಂಬುಗೆರೆ ಎಳೆದ ನೆನಪಿಲ್ಲ.

ಬೆಟ್ಟಕ್ಕೂ ಒಂದು ಬೆನ್ನುಹುರಿ.
ಅದರಾಚೆ ಬಿದ್ದ ಹನಿ
ಕಸುವಿದ್ದರೆ ಬಾತಿನಾ ಬಯಲು ದಾಟಿ
ಸಂಜೆಯೊಳಗೆ ಕಡಲು.
ಈಚೆ ಬಿದ್ದದ್ದು ತೆಂಕಲಿಗೆ,
ಜಲ್ಲಿಯಲ್ಲಿ ಇಂಗುತ್ತ, ಕವಲಾಗುತ್ತ, ಸಣಕಲಾಗುತ್ತ,
ಉಳಿದದ್ದನ್ನು ಮರಳು ನೋಡಿಕೊಳ್ಳುತ್ತದೆ.
ಒಂದೇ ಮೋಡ, ಒಂದೇ ಬಂಡೆಯ ಎರಡು ಮಗ್ಗುಲು.
ಪಾಲು ಹಾಕಿದವರು ಯಾರೂ ಇಲ್ಲ.

ಹೋದ ಮಾರ್ಚಿಯಲ್ಲಿ ಒಮ್ಮೆ
ರಸ್ತೆ ತಗ್ಗಿನ ಕೆಂಪು-ಬಿಳಿ ಕಂಬ ಮುಳುಗಿತ್ತು.
ಒಂದೂವರೆ ಗಂಟೆ ನದಿ ಇತ್ತು.
ಆಮೇಲೆ ಒಂದು ಆಡು, ಒಂದು ಚಪ್ಪಲಿ,
ಒದ್ದೆ ಕಲ್ಲು, ಒಣ ಕಲ್ಲು.

ನದಿಯ ಮೂಲ ಕೇಳಬಾರದು ಅಂತಾರೆ ನಮ್ಮ ಕಡೆ.
ಇಲ್ಲಿ ಕೇಳಿ,
ಕೈ ಎತ್ತಿ ತೋರಿಸುತ್ತಾರೆ: ಅಗೋ, ಆ ಕರೀ ಬಿರುಕು.
ಕೊನೆ ಕೇಳಿದರೆ ಮಾತ್ರ
ಇನ್ನೊಂದು ಬಟ್ಟಲು ಕಾಫಿ ಬಗ್ಗಿಸುತ್ತಾರೆ.

ಗುರುವಾರ ನಕ್ಷೆ ಕೊಡಬೇಕು.
ಬಿರ್ಕತ್ ಅಲ್ ಮೌಜ್‌ಗೆ ಹೋದೆ, ಖಲ್ಫಾನನ ಹತ್ತಿರ.
ನೆಟ್ಟ ಕೋಲಿನ ನೆರಳು ಅಳೆದು
ಅರ್ಧ ಗಂಟೆ ಇವರಿಗೆ, ಅರ್ಧ ಗಂಟೆ ಆ ಮುದುಕಿಗೆ ಎಂದು
ಫಲಜಿನ ನೀರು ಹಂಚುವವನು.
ನನ್ನ ಹಾಳೆ ತಲೆಕೆಳಗು ಹಿಡಿದು ಬಹಳ ಹೊತ್ತು ನೋಡಿದ.
"ಬರೀ ಮೇಲಿನದು ಬರೆದೀಯ" ಅಂದ.
ಕರಕೊಂಡು ಹೋಗಿ
ಒಂದು ಹಳೆಯ ಕುಣಿಯ ಬಾಯಿಗೆ ನನ್ನ ಕಿವಿ ಒಡ್ಡಿಸಿದ.
ಕತ್ತಲು. ಬಾವಲಿ ವಾಸನೆ.
ಅದರ ಕೆಳಗೆ
ಯಾರೋ ಗುಟುಕು ಗುಟುಕಾಗಿ ನುಂಗುವ ಸದ್ದು.

ಬರುವಾಗ ಒಂದು ಕಲ್ಲು ಕೊಟ್ಟ, ಜಬಲಿನ ನೆತ್ತಿಯದು:
ಒಳಗೆ ಅಂಟಿಕೊಂಡ ಚಿಪ್ಪು, ಪೂರ್ತಿ ಕಲ್ಲಾಗಿ.
ಬೆಟ್ಟ ಆಗುವ ಮೊದಲು ಇದು ಕಡಲಂತೆ.
ಹಾಗಾದರೆ ತೆಂಕಲ ನೀರು
ಮುಟ್ಟಬೇಕಾದ್ದನ್ನು ಬಿಟ್ಟೇ ಹೊರಟಿದೆ,
ಅಥವಾ ಹೊರಟ ಜಾಗವೇ ಕಡಲು.
ನನಗೆ ತಿಳಿಯಲಿಲ್ಲ. ಕಲ್ಲು ಹಾಳೆಗೆ ಒತ್ತಾಯಿತು.

ಬುಧವಾರ ರಾತ್ರಿ
ತುಂಡುಗೆರೆಗಳ ನಡುವಿನ ಬಿಳುಪು ಅಗಲ ಮಾಡುತ್ತ ಹೋದೆ.
ಕೊನೆಯ ತುಂಡಿನಾಚೆ ಪೆನ್ನು ಒಂದು ಹನಿ ಕಕ್ಕಿತು.
ಬ್ಲೇಡು ತೆಗೆದೆ, ಕೆರೆಯಲಿಲ್ಲ.

ಇಂಜಿನಿಯರ್ ವಜ್ದಿ ಕನ್ನಡಕ ಏರಿಸಿ ಕೇಳಿದರು,
"ಇದೇನು, ಬಾವಿಯಾ?"
ಹೌದು ಅಂದೆ.