ನಾಲ್ಕು ಬೆರಳು ಡೀಸೆಲ್

ಮದುವೆ ಮನೆಯಿಂದ ಹೊರಟಿದ್ದೆ,
ಸೀರಿಯಲ್ ಸೆಟ್ಟಿನ ಸುರುಳಿ ಇನ್ನೂ ಹಿಂದೆ ಬಿದ್ದಿತ್ತು.
ಫೋನು ಬಂತು: ಕಾಟನ್‌ಪೇಟೆ, ಟ್ರಾನ್ಸ್‌ಫಾರ್ಮರ್ ಸುಟ್ಟಿದೆ,
ಫ್ರೀಜರ್ ಬಾಕ್ಸು ನಿಂತಿದೆ,
ಅಣ್ಣ ನಾಗಪುರದಿಂದ ಲಾರಿಯಲ್ಲಿ ಬರಬೇಕು.

ಗಲ್ಲಿಯೊಳಗೆ ಪಿಕಪ್ಪು ತೂರಲಿಲ್ಲ.
ಮೋರಿ ಪಕ್ಕ ನಿಲ್ಲಿಸಿ
ನಲವತ್ತು ಮೀಟರ್ ವೈರು ಎಳೆದೆ,
ನೀರಿನ ಡ್ರಮ್ಮು, ಏಳಲೊಲ್ಲದ ನಾಯಿ ದಾಟಿಸಿ.
ಗಾಡಿಯ ಬೆನ್ನಿಗೇ ಬೆಸೆದ ಜನರೇಟರು ಗುಡುಗಿತು.
ಪೆಟ್ಟಿಗೆ ಒಮ್ಮೆ ನಡುಗಿ
ಉಸಿರಾಡತೊಡಗಿತು.

ಗಾಜಿನಡಿ ದರ್ಜಿ ಗುರುಪಾದಪ್ಪ.
ಮೂಗಿಗೆ ಹತ್ತಿ. ಕೊರಳಿನ ಅಳತೆ ಟೇಪು
ತೆಗೆಯಲು ಯಾರಿಗೂ ಕೈ ಬಂದಿಲ್ಲ.

‘ಇಷ್ಟು ಸದ್ದಿದ್ರೆ ಅವ್ರಿಗೆ ನಿದ್ದೆ ಬರಲ್ಲ’
ಅಂದರು ನೀಲಮ್ಮ, ಯಾರಿಗೂ ಅಲ್ಲ.
ತಪ್ಪು ನನ್ನದೇ ಎಂಬಂತೆ
ಸೈಲೆನ್ಸರಿಗೆ ಗೋಣಿ ಅಡ್ಡ ಹಿಡಿದೆ; ಸುಟ್ಟ ವಾಸನೆ ಬಂತಷ್ಟೆ.

ಎರಡು ಗಂಟೆಗೆ ಪಕ್ಕದ ಮನೆ ಹುಡುಗಿ
ಚಾರ್ಜರು ದುಪಟ್ಟಾದಲ್ಲಿ ಮುಚ್ಚಿಕೊಂಡು ಬಂದಳು.
‘ನಾಳೆ ಪರೀಕ್ಷೆ, ಅಂಕಲ್. ನೋಟ್ಸೆಲ್ಲ ಇದ್ರಲ್ಲೇ.’
ಬೋರ್ಡಿನಲ್ಲಿ ಒಂದು ಜಾಗ ಖಾಲಿ ಇತ್ತು.
ನಾನು ಬಾಗಿಲ ಕಡೆ ನೋಡಿದೆ.
ನೀಲಮ್ಮನೇ ಎದ್ದು ಬಂದು ಸ್ವಿಚ್ಚು ಒತ್ತಿದರು.

ಆಮೇಲೆ ಸಾಲು. ಏಳು ಫೋನು, ಒಂದು ಎಮರ್ಜೆನ್ಸಿ ಲೈಟು,
ಯಾರದೋ ಮಗುವಿನ ನೆಬ್ಯುಲೈಸರ್.

ಟ್ಯಾಂಕಿಗೆ ಕಡ್ಡಿ ಅದ್ದಿ ನೋಡುತ್ತೇನೆ:
ನಾಲ್ಕು ಬೆರಳು.
ಅಣ್ಣ ಇನ್ನೂ ಅನಂತಪುರ ದಾಟಿಲ್ಲ.