ಸೊನ್ನೆ, ಮೂರು, ಏಳು

ಹಾಡುಹಗಲೇ ಬಂತಂತೆ ತೋಳ.
ಮಾಂಸಕ್ಕಲ್ಲ. ಒಂದನ್ನು ಕಚ್ಚಿ ಬಿಟ್ಟು, ಮತ್ತೊಂದನ್ನು ಕಚ್ಚಿ,
ಮನೆ ಮರೆತವನು ಸಿಕ್ಕ ಸಿಕ್ಕ ಕದ ಬಡಿದ ಹಾಗೆ.
ಶಾರ್ಶೆನ್ ಸಲಿಕೆಯಲ್ಲಿ ಹೊಡೆದು ಕೊಂದ,
ಆಮೇಲೆ ಸಿಗ್ನಲ್ ಸಿಗುವ ದಿಬ್ಬ ಹತ್ತಿ ನನಗೆ ಫೋನು ಮಾಡಿದ:
"ಒಂಬತ್ತು, ಬುರುಲ್. ಒಂಬತ್ತೂ ಗಬ್ಬದವು."

ಕೊಂದು ಸುಣ್ಣ ಸುರಿದು ಹೂಳಿ ಎನ್ನುತ್ತದೆ ಕಾಗದ.
ನಾನು ಕುದುರೆಯ ತಡಿಗೆ ಐಸಿನ ಪೆಟ್ಟಿಗೆ ಕಟ್ಟಿಕೊಂಡು ಹೊರಟೆ.

ಸರೋವರದ ನೀರು, ಬಟ್ಟೆ ಸೋಪು.
ಉಣ್ಣೆ ಕತ್ತರಿಸಿ ಗಾಯ ಹುಡುಕಿ
ಒಂದೊಂದಕ್ಕೂ ಕಾಲು ಗಂಟೆ ತೊಳೆದೆವು, ಕೈ ಮರಗಟ್ಟಿತು.
ಗಾಯದ ಸುತ್ತ ಸೀರಮ್, ಕತ್ತಿಗೆ ಲಸಿಕೆ.
"ಎರಡೆರಡು ಯಾಕೆ?" ಅಂದ.
"ಒಂದು, ಬೇರೆ ಯಾವುದೋ ಕುದುರೆಯ ರಕ್ತ ಕಲಿತದ್ದು, ಸಾಲ.
ಇನ್ನೊಂದು ಇವು ತಾವೇ ಕಲಿಯಬೇಕಾದ್ದು. ಅಲ್ಲಿಯವರೆಗೆ ಸಾಲ ನಡೆಸಬೇಕು."
ಸಾಲ ಅಂದದ್ದು ಅವನಿಗೆ ತಿಳಿಯಿತು.

ರೋಗ ನರದ ದಾರಿ ಹಿಡಿದು ನಡೆದೇ ಹೋಗುತ್ತದೆ ತಲೆಗೆ.
ಹಿಂಗಾಲಿಗೆ ಕಚ್ಚಿಸಿಕೊಂಡದ್ದಕ್ಕೆ ದಾರಿ ದೂರ.
ತುಟಿ ಹರಿದ ಕಪ್ಪು ಕುರಿಗೆ
ಅಂಗಳ ದಾಟಿದಷ್ಟೇ.

ಸೊನ್ನೆಯ ದಿನ ಬುಧವಾರ. ಅವನ ಹೆಸರೂ ಬುಧವಾರವೇ,
ಹುಟ್ಟಿದ ದಿನವನ್ನೇ ಅಮ್ಮ ಕರೆದದ್ದು.
ಮೂರನೆಯ ದಿನ ಆಲಿಕಲ್ಲು; ಹೋದೆ.
ಏಳನೆಯ ದಿನ, ಮತ್ತೆ ಬುಧವಾರ,
ಕುರಿಯ ಕೊರಳು ಹಿಡಿದ ಅವನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.
"ಏನದು?"
"ಮುಳ್ಳು."

ಸುತ್ತ ನೋಡಿದೆ.
ಕಣ್ಣು ಹರಿಯುವವರೆಗೆ ಹುಲ್ಲು, ಹುಲ್ಲು, ನೀರು.
ಮುಳ್ಳಿನ ಗಿಡ ಒಂದೂ ಇಲ್ಲ ಈ ಎತ್ತರದಲ್ಲಿ.

"ಔಷಧಿ ಒಂಬತ್ತಕ್ಕೇ ಲೆಕ್ಕ ಅಂದೆಯಲ್ಲ," ಅಂದ ಮೆಲ್ಲಗೆ.
ಬೈದೆ. ಅಪ್ಪನ ವಯಸ್ಸಿನವನಿಗೆ ಬಾಯಿಗೆ ಬಂದಂತೆ ಬೈದೆ:
ಮನುಷ್ಯರದು ಬೇರೆ, ಆಸ್ಪತ್ರೆಯಲ್ಲಿ ಬೇರೆಯೇ ಇದೆ, ಹತ್ತು.
ನನ್ನ ಕುದುರೆಯ ಮೇಲೆ ಕೂರಿಸಿ ಮಗನ ಜೊತೆ ನಾರಿನ್‌ಗೆ ಅಟ್ಟಿದೆ.
ಅವನ ಸೊನ್ನೆಯ ದಿನ ಅಂದು ಶುರು,
ಏಳು ದಿನ ತಡವಾಗಿ.

ಕಪ್ಪು ಕುರಿ ಹನ್ನೆರಡಕ್ಕೆ ಗೋಡೆಗೆ ತಲೆ ಒತ್ತಿ ನಿಂತಿತು,
ಆಕಳಿಸಿತು, ಹದಿಮೂರಕ್ಕೆ ಇರಲಿಲ್ಲ.
ಉಳಿದ ಎಂಟಕ್ಕೆ ಮೂವತ್ತೈದನೆಯ ದಿನ ಕೊನೆಯ ಸೂಜಿ.
ಹಿಡಿದುಕೊಂಡವಳು ಅವನ ಹೆಂಡತಿ ಕಾನಿಮೆತ್.
ಬಿಟ್ಟೊಡನೆ ದಂಡೆಗೆ ಓಡಿ ಬಾಯಿ ಇಟ್ಟವು, ಸೊರ ಸೊರ.
ಅವಳು ನೋಡುತ್ತ ನಿಂತಳು, ನಂತರ ಸೆರಗಿಗೆ ಕೈ ಒರೆಸಿ
ದಿಬ್ಬದ ಕಡೆ ನಡೆದಳು.

ದಿನಾ ಸಂಜೆ ಹತ್ತುತ್ತಾಳಂತೆ.
ಊಟ, ನಿದ್ದೆ, ಜ್ವರ ಏನೂ ಕೇಳುವುದಿಲ್ಲ.
ಗಾಳಿಗೆ ಬೆನ್ನು ಕೊಟ್ಟು, ಫೋನಿಗೆ ಕೂಗಿ, ಒಂದೇ:
"ನೀರು ಕುಡಿದೆಯಾ?"